7 ತಿಂಗಳ ಸನ್ ಕೋನ್ಯೂರ್ ಗಿಳಿ ಇದ್ದಕ್ಕಿದ್ದಂತೆ ಕಚ್ಚುತ್ತಿದೆ, ಸಾಕಿದವರು ಅನುಭವ ಹೇಳಿ

ಹೊಸಗಿಳಿ (ಬೆಂಗಳೂರು): ಕೈತುತ್ತು ತಿಂದು ಬೆಳೆದ ಮರಿ. ಭುಜದ ಮೇಲೆ ಕೂತು ತೂಕಡಿಸುತ್ತಿತ್ತು. ಹೋದ ವಾರದಿಂದ ಪಂಜರಕ್ಕೆ ಕೈ ಹಾಕಿದರೆ ರಕ್ತ ಬರುವ ಹಾಗೆ ಕಚ್ಚುತ್ತದೆ. ನನ್ನ ಹೆಂಡತಿಗೆ ಏನೂ ಮಾಡಲ್ಲ. ತಿನ್ನುವುದು, ಹಿಕ್ಕೆ ಎಲ್ಲ ಸರಿ ಇದೆ. ಏನು ಮಾಡಲಿ?

ನೀಲಿರೆಕ್ಕೆ (ಮೈಸೂರು): ಇದು ಬ್ಲಫಿಂಗ್ ಸರ್, ಅಂದರೆ ಸುಮ್ಮನೆ ಹೆದರಿಸುವುದು, ವಯಸ್ಸಿನ ಆಟ. ನನ್ನ ನೀಲಿ ರಿಂಗ್‌ನೆಕ್ ಗಿಳಿ ಇದೇ ವಯಸ್ಸಿನಲ್ಲಿ ಶುರು ಮಾಡಿತು. ಮೊದಲು ಬುಸ್ ಅನ್ನುತ್ತಿತ್ತು. ಆಮೇಲೆ ಕಣ್ಣಿನ ಪಾಪೆ ಚುಕ್ಕಿಯಷ್ಟಾಗಿ, ಮತ್ತೆ ಅಗಲವಾಗಿ, ಟಪ್ ಅಂತ ಬಾಯಿ ಹಾಕುತ್ತಿತ್ತು. ವೆಲ್ಡಿಂಗ್ ಮಾಡುವವರ ಚರ್ಮದ ಗ್ಲೌಸ್ ತಂದೆ, 450 ರೂಪಾಯಿ. ಸ್ಟೀಲ್ ಪಂಜರ 9,500, ಅದರ ಸಾಗಾಟಕ್ಕೆ ಬೇರೆ 700. ಕೈ ಹಿಂದಕ್ಕೆ ಎಳೆಯಲೇ ಇಲ್ಲ ನಾನು. ಎಳೆದರೆ 'ಕಚ್ಚಿದರೆ ಕೈ ಹೋಗುತ್ತದೆ' ಅಂತ ಅದು ಕಲಿಯುತ್ತದೆ. ಈಗ ನನ್ನ ತಟ್ಟೆಯಿಂದಲೇ ಅನ್ನ ತಿನ್ನುತ್ತದೆ. ಧೈರ್ಯ ಬೇಕು, ಅಷ್ಟೇ.

ಸೀಬೆಮರ (ಹಾಸನ): ಗ್ಲೌಸಾ? ನಮ್ಮ ಯಜಮಾನರೂ ಅದನ್ನೇ ತಂದರು. ಬರಿಗೈಗೂ ಹೆದರುವ ಹಾಗಾಯಿತು ಪಾಪದ್ದು. ನಮ್ಮದೂ ಕೋನ್ಯೂರ್. ಇಲ್ಲಿ ತೋರಿಸಿದ ಡಾಕ್ಟರ್ ನಾಯಿ, ಹಸು ನೋಡುವವರು. ವಿಟಮಿನ್ ಹನಿ ಬರೆದರು, 280. ಸರಿ, ಬೆಂಗಳೂರಿಗೆ ಹೋದೆವು. ಕಾರಿಗೆ 4,500, ಫೀಸ್ 800, ರಕ್ತ ಪರೀಕ್ಷೆ 3,200. ಗಂಡೋ ಹೆಣ್ಣೋ ನೋಡಲು ಡಿಎನ್‌ಎ ಪರೀಕ್ಷೆ 900, ಅದನ್ನು ಯಾರು ಕೇಳಿದ್ದರು? ಎಲ್ಲ ನಾರ್ಮಲ್. ಕೊನೆಗೆ ಆ ಡಾಕ್ಟರ್ ಕತ್ತಿನ ಗರಿ ಬಿಡಿಸಿ ತೋರಿಸಿದರು. ಒಳಗೆ ಮುಳ್ಳಿನಂತೆ ಹೊಸ ಗರಿಗಳು ಬರುತ್ತಿದ್ದವು, ಬುಡದಲ್ಲಿ ರಕ್ತ ತುಂಬಿಕೊಂಡು ಕಪ್ಪಗೆ. ಅಲ್ಲೇ ನಾವು ದಿನಾ ತುರಿಸುತ್ತಿದ್ದೆವು. ನೋವಾದರೆ ಕಚ್ಚದೆ ಏನು ಮಾಡುತ್ತದೆ ಹೇಳಿ.

ಕಡಲತೀರ (ಮಂಗಳೂರು): ಇಷ್ಟೆಲ್ಲ ಖರ್ಚು ಎಂತಕ್ಕೆ ಮಾರಾಯ್ರೇ? ಬೆರಳಿಗೆ ಮೆಣಸಿನಪುಡಿ ಹಚ್ಚಿಕೊಳ್ಳಿ, ರೆಕ್ಕೆಯ ಗರಿ ಕತ್ತರಿಸಿ. ನನ್ನದು ಈಗ ಸುಮ್ನೆ ಕೂರುತ್ತದೆ. ಖರ್ಚು 0.

ಬೀಜಗಣಿತ (ಧಾರವಾಡ): ಮೆಣಸಿನಪುಡಿ ಅಂದವರು ಒಂದು ಸಲ ಗಿಳಿಗೆ ಹಸಿಮೆಣಸಿನಕಾಯಿ ಕೊಟ್ಟು ನೋಡಿ. ಹಕ್ಕಿಗಳಿಗೆ ಆ ಖಾರ ಗೊತ್ತಾಗಲ್ಲ, ಚಪ್ಪರಿಸಿ ತಿನ್ನುತ್ತವೆ. ಉರಿಯುವುದು ನಿಮ್ಮ ಕಣ್ಣೇ. ಇನ್ನು ರೆಕ್ಕೆ. ನನಗೆ ಮಾರಿದವನು ಕೇಳದೆಯೇ ಕತ್ತರಿಸಿದ್ದ. ಹೆದರಿದಾಗ ಹಾರಿ ಹೋಗಲು ಆಗದ ಹಕ್ಕಿಗೆ ಉಳಿಯುವುದು ಕೊಕ್ಕೊಂದೇ. ಹೊಸ ಗರಿ ಬರುವವರೆಗೂ ನನ್ನ ಹೆಬ್ಬೆರಳು ಜರಡಿ. ಆಮೇಲೆ ಐಸ್‌ಕ್ರೀಂ ಕಡ್ಡಿ ತೋರಿಸಿ, ಅದನ್ನು ಮುಟ್ಟಿದಾಗ ಒಂದೊಂದೇ ಸೂರ್ಯಕಾಂತಿ ಬೀಜ ಕೊಟ್ಟು ಸರಿಮಾಡಿದೆ. ಆ ಬೀಜ ಬಟ್ಟಲಲ್ಲಿ ಇಡಬಾರದು, ಇಟ್ಟರೆ ಕಡ್ಡಿಗೆ ಬೆಲೆ ಇಲ್ಲ.
ಮತ್ತೆ ಮೈಸೂರಿನವರೇ, ರಿಂಗ್‌ನೆಕ್ ನಮ್ಮ ನಾಡಿನ ಗಿಳಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದನ್ನು ಸಾಕುವಂತೆಯೇ ಇಲ್ಲ. ಅದರ ಬಗ್ಗೆ ಮಾತೇ ಇಲ್ಲವಲ್ಲ?

ನೀಲಿರೆಕ್ಕೆ: ಅದು ಹಸಿರು ಗಿಳಿಗೆ. ನನ್ನದು ನೀಲಿ, ಪಂಜರದಲ್ಲೇ ಹುಟ್ಟಿದ್ದು, ಬಿಲ್ ಇದೆ.

ಬೀಜಗಣಿತ: ಬಣ್ಣ ಬದಲಾದರೆ ಜಾತಿ ಬದಲಾಗುತ್ತದಾ? ಬಿಲ್ ಕೊಟ್ಟವನು ಕಾನೂನು ಬರೆದಿಲ್ಲ. ಕೋನ್ಯೂರ್ ಹೊರದೇಶದ್ದು, ಅದನ್ನೂ 2024ರ ನಿಯಮದಂತೆ ಪರಿವೇಶ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಾನು ಮಾಡಿಸಿದ್ದೇನೆ.

ಕಡಲತೀರ: ಇವರು ಅರಣ್ಯ ಇಲಾಖೆಯವರಾ ಎಂತ? ಗಿಳಿ ಕಚ್ಚಿದ್ದು ಕೇಳಿದರೆ ಪೋರ್ಟಲ್!

ಹೊಸಗಿಳಿ: ಎಲ್ಲರಿಗೂ ಥ್ಯಾಂಕ್ಸ್. ಒಂದು ಹೇಳಲಿಲ್ಲ, ಪಂಜರವನ್ನು ಬಾಲ್ಕನಿ ಕಡೆಯಿಂದ ತೆಗೆದು ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟಿದ್ದೇವೆ. ಅದರಿಂದ ಏನಾದರೂ?

ಸೀಬೆಮರ: ಮ್ಯಾಚ್ ಮುಗಿಯುವವರೆಗೂ ಲೈಟ್ ಇರುತ್ತದಾ? ಅದಕ್ಕೆ 10-12 ಗಂಟೆ ಕತ್ತಲು ಬೇಕು. ಅಲ್ಲಿಂದ ಇವತ್ತೇ ತೆಗೆಯಿರಿ. ಕಚ್ಚುವುದು ನಿಮಗೆ ಮಾತ್ರ ಅಂತೀರಿ, ಪಂಜರ ಎತ್ತಿಟ್ಟವರು ನೀವೇ ಅಲ್ವಾ?

ನೀಲಿರೆಕ್ಕೆ: ನನ್ನದು ಟಿವಿ ಮುಂದೆಯೇ ಬೆಳೆದಿದ್ದು, ಏನೂ ಆಗಿಲ್ಲ.

ಬೀಜಗಣಿತ: ವೆಲ್ಡಿಂಗ್ ಗ್ಲೌಸ್ ಬೇಕಾಗಿದ್ದು ಯಾಕೆ ಮತ್ತೆ?

ನೀಲಿರೆಕ್ಕೆ: ನಿಮ್ಮ ಹೆಬ್ಬೆರಳು ನೋಡಿಕೊಳ್ಳಿ ಸ್ವಾಮಿ.

ಕಡಲತೀರ: ಜಗಳ ಇರಲಿ ಮೈಸೂರಿನವರೇ, ಆ ಸ್ಟೀಲ್ ಪಂಜರ ಕೊಡುವುದುಂಟಾ? 4,000ಕ್ಕಿಂತ ಜಾಸ್ತಿ ಕೊಡುವುದಿಲ್ಲ, ಸಾಗಾಟ ನಿಮ್ಮದೇ.