ಓವನ್ ಪ್ರಾಜೆಕ್ಟ್: ಮೊದಲು ಮಾಡೆಲ್ ಬರೆಯಬೇಕಾ, ನೇರ ಪಿಐಡಿ ಟ್ಯೂನ್ ಮಾಡಬಹುದಾ?

ಕೇಳಿದವರು (ಮೆಕ್ಯಾನಿಕಲ್, 6ನೇ ಸೆಮಿಸ್ಟರ್):
ಸಣ್ಣ ಓವನ್ ಒಂದನ್ನು 180 ಡಿಗ್ರಿಯಲ್ಲಿ ಹಿಡಿದು ನಿಲ್ಲಿಸುವ ಪ್ರಾಜೆಕ್ಟ್ ನನ್ನದು. ಮೊದಲು ಮಾಡೆಲ್ (ಓವನ್ ಹೇಗೆ ಬಿಸಿಯಾಗುತ್ತೆ ಅನ್ನೋ ಲೆಕ್ಕ) ತೋರಿಸು ಅಂತ ಗೈಡ್ ಪಟ್ಟು ಹಿಡಿದಿದ್ದಾರೆ. ಪಿಐಡಿ (ಈಗಿನ ತಪ್ಪಿಗೆ ಪಿ, ಕೂಡಿಬಂದ ತಪ್ಪಿಗೆ ಐ, ತಪ್ಪು ಬದಲಾಗುವ ವೇಗಕ್ಕೆ ಡಿ, ಈ ಮೂರನ್ನು ಸೇರಿಸಿ ಹೀಟರ್ ನಡೆಸುವ ಕಂಟ್ರೋಲರ್) ಹಾಕಿ ಟ್ಯೂನ್ ಮಾಡು, ಸಾಕು ಅಂತಾರೆ ಸೀನಿಯರ್ಸ್. ಉಳಿದಿರುವುದು ಎರಡೇ ತಿಂಗಳು. ಮಾಡಿ ನೋಡಿದವರು ದಯವಿಟ್ಟು ಅನುಭವ ಹೇಳಿ.

ಪೀಣ್ಯ, ಹೀಟ್ ಟ್ರೀಟ್‌ಮೆಂಟ್:
ನೇರ ಟ್ಯೂನ್ ಮಾಡಲು ಹೋಗಿ ಕೈ ಸುಟ್ಟುಕೊಂಡವನು ನಾನು. ಟೆಂಪರಿಂಗ್ ಫರ್ನೇಸ್ (ಗಡಸು ಮಾಡಿದ ಉಕ್ಕನ್ನು ಹದಕ್ಕೆ ತರಲು ಮತ್ತೆ ಕಾಯಿಸುವ ಕುಲುಮೆ), ಸೆಟ್ ಪಾಯಿಂಟ್ ಅಂದರೆ ಹಿಡಿಯಬೇಕಾದ ಉಷ್ಣತೆ 200 ಡಿಗ್ರಿ. ಐ, ಡಿ ಎರಡನ್ನೂ ಸೊನ್ನೆ ಮಾಡಿ ಗೇನ್ (ತಪ್ಪಿಗೆ ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕು ಅನ್ನೋ ಅಂಕಿ) ಏರಿಸುತ್ತಾ ಹೋದೆ. ಉಷ್ಣತೆ ಒಂದೇ ಸಮ ಏರಿಳಿಯಲು ಶುರುವಾಗುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಒಂದು ಸುತ್ತಿಗೆ 15 ನಿಮಿಷ. ಸ್ಟಾಪ್‌ವಾಚ್ ಹಿಡಿದು ಆರು ಸುತ್ತು ನೋಡಿದೆ. ಟ್ಯೂನಿಂಗ್ ಟೇಬಲ್‌ನಂತೆ ಆ ಗೇನ್‌ನ 0.6 ಪಾಲು ಹಾಕಿ, ಐ, ಡಿ ಮತ್ತೆ ಸೇರಿಸಿ, ಮಾರನೇ ದಿನ ತಣ್ಣಗಿದ್ದ ಫರ್ನೇಸ್‌ಗೆ ಮಾಲು ತುಂಬಿದೆ. 241ಕ್ಕೆ ಹಾರಿತು. ಗಡಸುತನ (ರಾಕ್‌ವೆಲ್ ಸಿ ಅಳತೆ) 60ರಿಂದ 62 ಇರಬೇಕಿತ್ತು, ಬಂದದ್ದು 58. ಎರಡು ಟ್ರೇ ಮಾಲು, 38,000 ರೂಪಾಯಿ. ಒಂದು ವಾರ ಓನರ್ ನನ್ನ ಮುಖ ನೋಡಲಿಲ್ಲ.

ಆಮೇಲೆ ಕಂಟ್ರೋಲರನ್ನು ಮ್ಯಾನುಯಲ್‌ಗೆ ಹಾಕಿದೆ. ಹೀಟರ್‌ಗೆ ಹೋಗುವ ಔಟ್‌ಪುಟ್ ಶೇ. 20ರಿಂದ 30ಕ್ಕೆ ಏರಿಸಿ, ಅರ್ಧ ನಿಮಿಷಕ್ಕೊಂದು ರೀಡಿಂಗ್ ಬರೆದೆ. ಮೊದಲ 4 ನಿಮಿಷ ಅಂಕಿ ಅಲ್ಲಾಡಲಿಲ್ಲ. ಅಲ್ಲಿಂದ ಒಟ್ಟು ಏರಿಕೆಯ ಶೇ. 63 ಮುಟ್ಟಲು 35 ನಿಮಿಷ. ಈ ಎರಡು ಅಂಕಿ ಇಟ್ಟು ಲೆಕ್ಕ ಹಾಕಿದರೆ ಏರಿಳಿತದ ಸುತ್ತು 15 ನಿಮಿಷ ಚಿಲ್ಲರೆ ಬಂತು. ಕಣ್ಣಾರೆ ಕಂಡದ್ದೂ ಅಷ್ಟೇ! ಅವತ್ತು ಕೂತು ಅತ್ತುಬಿಡೋಣ ಅನ್ನಿಸಿತು. ಒಂದು ಸಂಜೆಯ ಕೆಲಸ ಅದು, ಮೊದಲೇ ಮಾಡಬಹುದಿತ್ತು.

ಹುಬ್ಬಳ್ಳಿ, ರೋಬೋ:
ಸಾರ್, ನಿಮ್ಮ 241ಕ್ಕೆ ಕಾರಣ ವೈಂಡಪ್. ತಣ್ಣಗಿನಿಂದ ಏರುವಾಗ ಹೀಟರ್ ಆಗಲೇ ಪೂರ್ತಿ ಆನ್ ಇರುತ್ತೆ, ಆದರೂ ಐ ಗುಡ್ಡೆ ಹಾಕುತ್ತಲೇ ಹೋಗುತ್ತೆ. ಅದಕ್ಕೊಂದು ಮಿತಿ ಹಾಕಿದ್ದರೆ ಮಾಲು ಉಳಿಯುತ್ತಿತ್ತು. ಮಾಡೆಲ್ ಯಾಕೆ?

ನಾನು ಎರಡು ಚಕ್ರದ ಮೇಲೆ ನಿಲ್ಲುವ ರೋಬೋಗೆ ಐದು ವಾರ ಸಮೀಕರಣ ಬರೆದೆ. ಕಂಪ್ಯೂಟರ್‌ನಲ್ಲಿ ಕಂಬದ ಹಾಗೆ ನಿಂತಿತು. ನೆಲದ ಮೇಲೆ ಎರಡು ಸೆಕೆಂಡ್ ನಡುಗಿ ಬೀಳುತ್ತಿತ್ತು. ಮೂರು ಗೇರ್ ಮೋಟಾರ್ ಹೋದವು, ಒಂದಕ್ಕೆ 650. ವಾಲಿಕೆ ಓದಿ ಮೋಟಾರ್ ತಿದ್ದುವ ಲೂಪ್ 5 ಮಿಲಿಸೆಕೆಂಡ್‌ಗೊಮ್ಮೆ ಓಡಬೇಕಿತ್ತು. ನಾನು ಪ್ರತಿ ಸುತ್ತಿಗೂ 40 ಅಕ್ಷರ ಸೀರಿಯಲ್‌ಗೆ (ಕಂಪ್ಯೂಟರ್‌ಗೆ ಹೋಗುವ ಸಂಪರ್ಕಕ್ಕೆ) ಕಳಿಸುತ್ತಿದ್ದೆ, 9600 ಬಾಡ್‌ನಲ್ಲಿ, ಅಂದರೆ ಸೆಕೆಂಡ್‌ಗೆ 9600 ಬಿಟ್. ಅಕ್ಷರಕ್ಕೆ ಒಂದು ಮಿಲಿಸೆಕೆಂಡ್ ಅಂದರೂ 40 ಮಿಲಿಸೆಕೆಂಡ್ ತಡ. ಆ ಒಂದು ಸಾಲು ಅಳಿಸಿದೆ, ನಿಂತಿತು. ಐದು ವಾರದ ಸಮೀಕರಣದಲ್ಲಿ ಅದು ಎಲ್ಲೂ ಇರಲಿಲ್ಲ.

ಪೀಣ್ಯ:
ಐಗೆ ಮಿತಿ ಹಾಕೋದು ನನಗೂ ಗೊತ್ತು ಕಣಪ್ಪಾ. ಆ ಹಳೇ ಕಂಟ್ರೋಲರ್‌ನಲ್ಲಿ ಆ ಸೆಟ್ಟಿಂಗೇ ಇರಲಿಲ್ಲ. ತಡವನ್ನು ಮಾಡೆಲ್‌ಗೆ ಸೇರಿಸದೆ ಬಿಟ್ಟವನು ನೀನು. ನಾನು ಮೊದಲು ಅಳೆದದ್ದೇ ತಡವನ್ನು.

ಮೈಸೂರು, ಕಂಟ್ರೋಲ್ ಪಾಠ ಮಾಡುವವಳು:
0.6ರ ಬಗ್ಗೆ ಒಂದು ಮಾತು. ಝೀಗ್ಲರ್, ನಿಕೋಲ್ಸ್ ಅನ್ನೋ ಇಬ್ಬರು ಎಂಜಿನಿಯರ್‌ಗಳು 1942ರಲ್ಲಿ ಅದನ್ನು ಕೊಟ್ಟಾಗ, ಒಂದೊಂದು ಏರಿಳಿತ ಹಿಂದಿನದರ ಕಾಲು ಭಾಗಕ್ಕೆ ಇಳಿದರೆ ಸಾಕು ಅಂದುಕೊಂಡಿದ್ದರು. ಸೆಟ್ ಪಾಯಿಂಟ್ ಬದಲಿಸಿದಾಗ ಅದು ಹಾರುವುದು ಸಹಜ. ಇದನ್ನು ಹೇಳದೆ ಎಂಟು ವರ್ಷ ಬರೀ ಟೇಬಲ್ ಬರೆಸಿದೆ ನಾನು. ಲ್ಯಾಬ್‌ನಲ್ಲಿ ನೀರಿನ ಟ್ಯಾಂಕ್ ಉಕ್ಕಿದಾಗಲೆಲ್ಲ ಹುಡುಗರನ್ನೇ ಬೈದೆ. ಈಗಲೂ ಮನಸ್ಸು ಚುಚ್ಚುತ್ತೆ. ಅಂದಹಾಗೆ ಓವನ್‌ಗೆ ಡಿ ಬೇಡ, ಪಿಐ ಸಾಕು.

ಹುಬ್ಬಳ್ಳಿ:
ಡಿ ಬೇಡ ಅಂತ ಹೇಗೆ ಹೇಳ್ತೀರಿ ಮೇಡಂ? ಡಿ ತೆಗೆದರೆ ನನ್ನ ರೋಬೋ ಅರೆಗಳಿಗೆ ನಿಲ್ಲಲ್ಲ.

ಪೀಣ್ಯ:
ಮೇಡಂ ಹೇಳಿದ್ದು ಓವನ್‌ಗೆ. ನಮ್ಮಲ್ಲಿ ಥರ್ಮೋಕಪಲ್ (ಉಷ್ಣತೆ ಅಳೆಯುವ ಸೆನ್ಸರ್) ವೈರು ಮೋಟಾರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಬರುತ್ತೆ. ಕೆ-ಟೈಪ್ ಅಂದರೆ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಅಷ್ಟೇ. ಮೋಟಾರ್ ಕೇಬಲ್‌ನಿಂದ ಬರುವ ಗದ್ದಲವನ್ನು ಡಿ ಹಿಗ್ಗಿಸುತ್ತೆ, ಹಾಕಿದ ತಕ್ಷಣ ಕಾಂಟ್ಯಾಕ್ಟರ್ (ಹೀಟರ್ ಆನ್-ಆಫ್ ಮಾಡುವ ಸ್ವಿಚ್) ಟಕಟಕ ಅಂತ ಬಡಿಯುತ್ತೆ.

ಹುಬ್ಬಳ್ಳಿ:
ಹಾಗಾದರೆ ತಪ್ಪು ವೈರಿಂಗ್‌ದು, ಡಿದಲ್ಲ.

ಪೀಣ್ಯ:
ಬೇರೆ ಪೈಪ್ ಎಳೆಯಲು 9,000 ಕೊಟೇಶನ್ ಬಂದಿದೆ. ಆ 38,000 ಆದಮೇಲೆ ಓನರ್ ಹತ್ತಿರ ಹೋಗಿ ಕೇಳುವ ಧೈರ್ಯ ನನಗಿಲ್ಲ.