ಸವಾರಿ ಕುದುರೆಯ ಸೊಂಟದ ನೋವು: ಇನ್ನೆಷ್ಟು ದಿನ ಲಾಯದಲ್ಲಿ ನಿಲ್ಲಿಸೋದು?

ಪ್ರಶ್ನೆ (ಹಡಪ್ಸರ ಸವಾರ)

ಪುಣೆಯಿಂದ ಬರೀತಿದ್ದೀನಿ. ರೇಸು ಬಿಟ್ಟ ಥರೋಬ್ರೆಡ್ (ರೇಸಿನ ತಳಿ) ಕುದುರೆ, 9 ವರ್ಷ, ಸುಮಾರು 450 ಕೆ.ಜಿ. ಮಳೆಗಾಲದ ಕೆಸರಲ್ಲಿ ಹಿಂಗಾಲು ಜಾರಿ ನಾಲ್ಕು ತಿಂಗಳಾಯ್ತು. ನಡಿಗೆ, ಟ್ರಾಟ್‌ನಲ್ಲಿ (ನಿಧಾನದ ಓಟ) ಕುಂಟು ಕಾಣಲ್ಲ. ಕ್ಯಾಂಟರ್‌ಗೆ (ಅದಕ್ಕಿಂತ ಜೋರಿನ ನೆಗೆತದ ಓಟ) ಹೋದ್ರೆ ಎರಡೂ ಹಿಂಗಾಲು ಜೋಡಿಸಿ ಮೊಲದ ಹಾಗೆ ಕುಪ್ಪಳಿಸುತ್ತೆ. ಲಾಳ ಹೊಡೆಯುವಾಗ ಬಲ ಹಿಂಗಾಲು ಎತ್ತಿ ಹಿಡಿಯೋಕೆ ಬಿಡಲ್ಲ. ಆರು ವಾರ ಲಾಯದಲ್ಲೇ ಕಟ್ಟಿದ್ವಿ. ನೋವಿನ ಔಷಧಿ ಇದ್ದಷ್ಟು ದಿನ ಪರವಾಗಿಲ್ಲ, ನಿಲ್ಲಿಸಿದ್ರೆ ಮತ್ತೆ ಅದೇ. ಮುಂದೇನು ಮಾಡ್ಲಿ?

ಉತ್ತರ 1 (ಲಾಯದ ಗೆಳೆಯ)

ಕುಪ್ಪಳಿಸೋದು, ಕಾಲು ಹಿಡಿಯೋಕೆ ಬಿಡದೇ ಇರೋದು, ಎರಡೂ ಸೇರಿದ್ರೆ ಮೊದಲ ಅನುಮಾನ ಸೇಕ್ರೊಇಲಿಯಾಕ್ ಕೀಲಿನ ಮೇಲೆ. ಬೆನ್ನುಮೂಳೆಗೂ ಸೊಂಟದ ಮೂಳೆಗೂ ಬೆಸುಗೆ ಇರೋ ಜಾಗ ಅದು, ಹಿಂಗಾಲಿನ ತಳ್ಳುವ ಬಲವೆಲ್ಲ ಅಲ್ಲಿಂದಲೇ ಬೆನ್ನಿಗೆ ಹೋಗೋದು. ಆದ್ರೆ ಹಾಕ್ (ಹಿಂಗಾಲಿನ ಹರಡು) ಅಥವಾ ಸ್ಟೈಫಲ್ (ಹಿಂಗಾಲಿನ ಮಂಡಿ) ಕೀಲಿನ ನೋವನ್ನ ತಪ್ಪಿಸಿಕೊಳ್ಳೋಕೆ ಹೋಗಿ ಸೊಂಟ ಬಿಗಿಯಾಗೋದೂ ಸಾಮಾನ್ಯ. ಹಾಗಾಗಿ ಡಾಕ್ಟರ್ ಹತ್ರ ಮೊದಲು ಕಾಲಿಗೆ, ಆಮೇಲೆ ಸೊಂಟಕ್ಕೆ ಅರಿವಳಿಕೆ ಕೊಟ್ಟು ನೋಡಿಸಿ. ಈ ಕೀಲು ದಪ್ಪ ಮಾಂಸದ ಆಳದಲ್ಲಿದೆ, ಎಕ್ಸ್‌ರೇಯಲ್ಲಿ ಸರಿಯಾಗಿ ಸಿಗಲ್ಲ. ಗುದದ ಮೂಲಕ ಮಾಡೋ ಅಲ್ಟ್ರಾಸೌಂಡ್ ಹೆಚ್ಚು ತಿಳಿಸುತ್ತೆ. ಜೀನಿನ ಕೆಳಗಿನ ಬೆನ್ನೆಲುಬುಗಳು ಒಂದಕ್ಕೊಂದು ತಾಗುತ್ತಿವೆಯಾ ಅಂತ ನೋಡೋಕೆ ಮಾತ್ರ ಎಕ್ಸ್‌ರೇ ಬೇಕೇ ಬೇಕು.

ಉತ್ತರ 2 (ಕಿರ್ಕೀ ಅಂಗಳ)

ಲಾಯದಲ್ಲಿ ಬರೀ ನಿಲ್ಲಿಸೋದನ್ನ ಇನ್ನು ಬಿಡಿ. ನಿಂತಷ್ಟೂ ಬೆನ್ನುಮೂಳೆಯನ್ನ ಹಿಡಿದಿಡೋ ಸಣ್ಣ ಸ್ನಾಯುಗಳು ಸೊರಗುತ್ತವೆ, ಕೀಲು ಇನ್ನೂ ಸಡಿಲ ಆಗುತ್ತೆ. ಡಾಕ್ಟರ್ ಒಪ್ಪಿದ ಮೇಲೆ ಹೀಗೆ ಶುರು ಮಾಡಿ: ದಿನಕ್ಕೆ ಎರಡು ಸಲ, ಕೈಯಲ್ಲಿ ಹಿಡಿದು, ಗಟ್ಟಿ ಸಮನೆಲದ ಮೇಲೆ ನೇರ ಗೆರೆಯಲ್ಲಿ 10 ನಿಮಿಷ ನಡಿಗೆ. ವಾರಕ್ಕೆ 5 ನಿಮಿಷ ಹೆಚ್ಚಿಸಿ. 30 ನಿಮಿಷ ಸಲೀಸಾದ ಮೇಲೆ ನೆಲದಲ್ಲಿ ನಾಲ್ಕು ಗಳ ಇಡಿ, ನಡುವೆ 80-90 ಸೆಂ.ಮೀ. ಅಂತರ. ಗೊರಸು ಗಳಕ್ಕೆ ತಗಲ್ತಾ ಇದ್ರೆ ಸುಸ್ತಾಗಿದೆ ಅಂತ ಅರ್ಥ, ಅವತ್ತಿಗೆ ಅಷ್ಟಕ್ಕೇ ನಿಲ್ಲಿಸಿ.

ನಡಿಗೆ ಆದ ಮೇಲೆ ಕ್ಯಾರೆಟ್ ತೋರಿಸಿ ಮೂತಿಯನ್ನ ಎದೆಗೆ, ಮುಂಗಾಲಿನ ನಡುವೆ, ಎರಡೂ ಪಕ್ಕೆಗೆ ತರಿಸಿ. ಒಂದೊಂದು ದಿಕ್ಕಿಗೂ ಐದು ಸಲ, 5-10 ಸೆಕೆಂಡು ಹಿಡಿಸಿ. ಎಳೆದು ತರಬೇಡಿ, ಅದೇ ಬಗ್ಗಬೇಕು.

ಹಡಪ್ಸರ ಸವಾರ

ಧನ್ಯವಾದ ಸರ್. ಹಗ್ಗ ಕಟ್ಟಿ ಸುತ್ತ ಓಡಿಸಬಹುದಾ?

ಕಿರ್ಕೀ ಅಂಗಳ

ಸದ್ಯಕ್ಕೆ ಬೇಡ. ಸಣ್ಣ ಸುತ್ತಿನಲ್ಲಿ ಒಳಗಿನ ಹಿಂಗಾಲು ತಿರುಚಿಕೊಳ್ಳುತ್ತೆ, ಈ ಕೀಲಿಗೆ ಅದೇ ಶತ್ರು. ಕ್ಯಾಂಟರ್ ಎಲ್ಲಕ್ಕಿಂತ ಕೊನೆಗೆ. ಕೀಲನ್ನ ಹಿಡಿದಿಡೋ ಲಿಗಮೆಂಟ್ (ಗಟ್ಟಿ ನಾರು) ಕೂಡೋಕೆ ಆರು ತಿಂಗಳಿಂದ ವರ್ಷ ಹಿಡಿಯುತ್ತೆ.

ಉತ್ತರ 3 (ಲಾಳ ಮತ್ತು ಜೀನು)

ಹಿಂಗೊರಸು ನೋಡಿದ್ರಾ? ಗೊರಸಿನ ಮುಂತುದಿ ಉದ್ದ, ಹಿಮ್ಮಡಿ ತಗ್ಗು ಇದ್ರೆ ಪ್ರತಿ ಹೆಜ್ಜೆಗೂ ಸೊಂಟದ ಮೇಲೆ ಭಾರ ಬೀಳುತ್ತೆ. 5-6 ವಾರಕ್ಕೊಮ್ಮೆ ಕೆತ್ತಿಸಿ, ಕಾಲನ್ನ ಹೆಚ್ಚು ಎತ್ತದೆ ತಗ್ಗಿನಲ್ಲೇ ಹಿಡಿಯೋಕೆ ಹೇಳಿ. ಜೀನು ಕೊನೆಯ ಪಕ್ಕೆಲುಬಿನಿಂದ ಹಿಂದಕ್ಕೆ ಚಾಚಬಾರದು. ಸ್ನಾಯು ತುಂಬಿಕೊಳ್ತಾ ಬೆನ್ನಿನ ಆಕಾರವೇ ಬದಲಾಗುತ್ತೆ, ಹಳೇ ಜೀನು ಹಾಗೇ ಹಾಕಬೇಡಿ.

ಕೆಲಸ ಇಲ್ಲದಾಗ ಓಟ್ಸ್, ಹುರುಳಿ ಇಳಿಸಿ, ಹುಲ್ಲು ದಿನಕ್ಕೆ 7-9 ಕೆ.ಜಿ. ಇರ್ಲಿ. ಕಾಳು ಇಳಿಸದೆ, ವಿಶ್ರಾಂತಿ ಮುಗಿದ ಕೂಡಲೇ ದುಡಿಸಿದ್ರೆ ಸೊಂಟದ ಸ್ನಾಯು ಕಲ್ಲಿನ ಹಾಗೆ ಬಿಗಿದು ಮೂತ್ರ ಕಾಫಿ ಬಣ್ಣಕ್ಕೆ ತಿರುಗೋ ಅಪಾಯ ಇದೆ. ಅದು ಬೇರೆಯೇ ಕಾಯಿಲೆ, ಕಂಡ ಕೂಡಲೇ ಡಾಕ್ಟರನ್ನ ಕರೆಸಬೇಕು.

ಬ್ಯೂಟ್ (ಫಿನೈಲ್‌ಬ್ಯುಟಜೋನ್ ಅನ್ನೋ ನೋವಿನ ಔಷಧಿ) ವಾರಗಟ್ಟಲೆ ಕೊಟ್ರೆ ಹೊಟ್ಟೆಯಲ್ಲಿ, ದೊಡ್ಡ ಕರುಳಲ್ಲಿ ಹುಣ್ಣಾಗುತ್ತೆ. ಇನ್ನೊಂದು ನೋವಿನ ಔಷಧಿ ಡಿಕ್ಲೋಫೆನಾಕ್ ಯಾರು ಕೊಟ್ರೂ ತಗೋಬೇಡಿ, ರಣಹದ್ದುಗಳ ಸಾವಿಗೆ ಕಾರಣವಾಗಿ 2006ರಲ್ಲೇ ಪ್ರಾಣಿಗಳಿಗೆ ನಿಷೇಧವಾದ ಔಷಧಿ ಅದು.

ಲಾಯದ ಗೆಳೆಯ

ಒಂದು ಮರೆತಿದ್ದೆ. ಬಾಲ ಸೋತು ಜೋತುಬಿದ್ರೆ, ಮೂತ್ರ ತೊಟ್ಟಿಕ್ಕಿದ್ರೆ, ಹಿಂಗಾಲು ಎಲ್ಲಿಡ್ತಿದೆ ಅಂತ ಕುದುರೆಗೇ ಗೊತ್ತಾಗದೆ ತೂರಾಡಿದ್ರೆ ನಡಿಗೆಯನ್ನೂ ನಿಲ್ಲಿಸಿ. ಅದು ಕೀಲಿನದಲ್ಲ, ನರದ ತೊಂದರೆ. ಅವತ್ತೇ ತೋರಿಸಿ.