ಸ್ಪ್ರಿಂಗ್ ಬ್ರೇಕ್ ರಜೆಯಲ್ಲಿ ಮಗನನ್ನು ಮಂಡ್ಯದ ಕಡೆಗೆ ಮಿಷನ್ ಪ್ರವಾಸಕ್ಕೆ ಕಳುಹಿಸಬಹುದೇ?

ಮಂಡಿ ಮೊಹಲ್ಲಾದವರು, ಈಗ ಡಲ್ಲಾಸ್:
ಎಲ್ಲರಿಗೂ ನಮಸ್ಕಾರ. ಹನ್ನೊಂದನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗ ಚರ್ಚಿನ ಯುವಜನರ ತಂಡದೊಂದಿಗೆ ಮಾರ್ಚ್ ರಜೆಯಲ್ಲಿ ಮಂಡ್ಯದ ಹಳ್ಳಿಗಳಿಗೆ ಹೋಗಿ, ಮಕ್ಕಳಿಗೆ ಬೈಬಲ್ ಕಥೆ ಹೇಳುವ, ಹಾಡು ಕಲಿಸುವ ಸೇವೆ ಮಾಡಬೇಕೆಂದು ಬಹಳ ಆಸೆಯಿಂದ ಕೇಳುತ್ತಿದ್ದಾನೆ. ಅವನ ಬಳಿ ಅಮೆರಿಕದ ಪಾಸ್‌ಪೋರ್ಟ್ ಮತ್ತು ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಇವೆ. ಅವನ ಭಕ್ತಿಯನ್ನು ಕಂಡು ನನಗೆ ಸಂತೋಷವೇ ಆಗಿದೆ. ಆದರೆ ಕಾನೂನಿನ ತೊಡಕು ಬಂದೀತೇ, ಒಂದೇ ವಾರದ ಭೇಟಿಯಿಂದ ಅಲ್ಲಿಯ ಮಕ್ಕಳಿಗೆ ಪ್ರಯೋಜನವಾದೀತೇ ಎಂಬ ಚಿಂತೆ ಕಾಡುತ್ತಿದೆ. ತಿಳಿದವರು ದಯವಿಟ್ಟು ಹೇಳಿ.

ಸರಸ್ವತಿಪುರಂನವರು, ಈಗ ಟೊರೊಂಟೊ:
ಅಕ್ಕಾ, ಮೊದಲು ಅನುಮತಿಯ ವಿಷಯ ನೋಡಿಕೊಳ್ಳಿ. ಭಾರತದ ಗೃಹ ಸಚಿವಾಲಯವು 2021ರ ಮಾರ್ಚ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಓಸಿಐ ಕಾರ್ಡ್ ಇದ್ದವರೂ ಮಿಷನರಿ ಚಟುವಟಿಕೆಯಲ್ಲಿ ತೊಡಗಬೇಕಾದರೆ ಎಫ್‌ಆರ್‌ಆರ್‌ಒ ಕಚೇರಿಯಿಂದ (ವಿದೇಶಿಯರ ನೋಂದಣಿ ಕಚೇರಿ) ಅಥವಾ ಭಾರತೀಯ ರಾಯಭಾರ ಕಚೇರಿಯಿಂದ ವಿಶೇಷ ಅನುಮತಿ ಪಡೆಯಬೇಕು. ಪ್ರವಾಸಿ ವೀಸಾದಲ್ಲಿ ಬರುವ ತಂಡದ ಉಳಿದವರಿಗೂ ಧರ್ಮಪ್ರಚಾರಕ್ಕೆ ಅವಕಾಶವಿಲ್ಲ. ಬಂಧುಗಳನ್ನು ಕಂಡು, ಭಾನುವಾರದ ಆರಾಧನೆಯಲ್ಲಿ ಕುಳಿತು ಬರುವುದೇ ಬೇರೆ, ಹಳ್ಳಿಯಲ್ಲಿ ಶಿಬಿರ ನಡೆಸುವುದೇ ಬೇರೆ.

ಗಂಜಾಂನವರು, ಈಗ ಲೆಸ್ಟರ್:
ಅನುಮತಿ ಆಮೇಲಿನ ಮಾತು, ತಾಯಿ. ಹುಡುಗನಿಗೆ ಕನ್ನಡ ಬರುತ್ತದೆಯೇ? ನಮ್ಮ ಊರಿನ ಚರ್ಚಿನೊಂದಿಗೆ ಇಂದಿಗೂ ಹೆಸರು ಉಳಿದಿರುವ ಪಾದ್ರಿ ಅಬ್ಬೆ ದ್ಯುಬುವಾ ಫ್ರಾನ್ಸಿನಿಂದ 1792ರಲ್ಲಿ ಭಾರತಕ್ಕೆ ಬಂದು 1823ರವರೆಗೂ ಇಲ್ಲಿಯೇ ಇದ್ದು, ಜನರಂತೆಯೇ ಉಟ್ಟು, ಉಂಡು, ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲಿ ಓಡಾಡಿದವರು. ಮೈಸೂರಿನ ವೆಸ್ಲಿಯನ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಸಂಸ್ಥೆಯವರು ಕನ್ನಡ ಕಲಿತು, ಮುದ್ರಣಾಲಯ ಇಟ್ಟು, 1887ರಲ್ಲಿ ‘ವೃತ್ತಾಂತ ಪತ್ರಿಕೆ’ ಎಂಬ ಕನ್ನಡ ಪತ್ರಿಕೆ ಆರಂಭಿಸಿದರು. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯೂ ಅವರ ಕಾಲದ್ದೇ. ಅವರು ಬೇರೂರಿ ನಿಂತರು. ಒಂದು ವಾರ ಬಂದು, ದುಭಾಷಿಯ ಬಾಯಿಂದ ಮಾತನಾಡಿ, ಮಕ್ಕಳೊಂದಿಗೆ ಫೋಟೊ ತೆಗೆಸಿಕೊಂಡು ಹೋಗುವುದನ್ನು ನಾನು ಮಿಷನ್ ಎಂದು ಒಪ್ಪಲಾರೆ. ವಿಮಾನದ ಹಣವನ್ನು ಆ ಆಸ್ಪತ್ರೆಗೆ ಕಳುಹಿಸಿ, ಹುಡುಗನಿಗೆ ಕನ್ನಡ ಓದಲು ಕಲಿಸಿ.

ಮದ್ದೂರಿನವರು, ಈಗ ನ್ಯೂಜೆರ್ಸಿ:
ಗಂಜಾಂನ ಹಿರಿಯರ ಮಾತು ನೂರಕ್ಕೆ ನೂರು ಸರಿ. ನಾನು ಹಿಂದೂ, ಮೈಸೂರಿನಲ್ಲಿ ಮಿಷನ್ ಶಾಲೆಯಲ್ಲಿ ಓದಿದವನು, ಅಲ್ಲಿಯ ಮೇಷ್ಟ್ರುಗಳ ಋಣವನ್ನು ಮರೆಯಲಾರೆ. ಆದರೆ ಬಿಸ್ಕತ್ತು, ಆಟಿಕೆ ಹಂಚುತ್ತಾ ಪ್ರಾರ್ಥನೆ ಹೇಳಿಕೊಟ್ಟರೆ ಹಳ್ಳಿಯ ತಂದೆತಾಯಂದಿರಿಗೆ ಅನುಮಾನ ಬರುವುದು ಸಹಜ, ಮತ್ತು ತಂಡ ಹೊರಟುಹೋದ ಮೇಲೆ ಆ ಅನುಮಾನಕ್ಕೆ ಉತ್ತರ ಕೊಡಬೇಕಾದವರು ಅಲ್ಲಿಯೇ ಬದುಕುವ ಕ್ರೈಸ್ತ ಕುಟುಂಬಗಳು. ನನ್ನ ಮಗಳು ಇಲ್ಲಿನ ಕನ್ನಡ ಶಾಲೆಯಲ್ಲಿ ಕಲಿತು ಈಗ ತಾನೇ ಚಿಕ್ಕವರಿಗೆ ಪಾಠ ಹೇಳುತ್ತಿದ್ದಾಳೆ. ಮನೆಯಲ್ಲಿ ಛಲ ಹಿಡಿದರೆ ಕನ್ನಡ ಖಂಡಿತ ಬರುತ್ತದೆ.

ಬನ್ನಿಮಂಟಪದವರು, ಈಗ ಸಿಡ್ನಿ:
ಎಲ್ಲರ ಮನೆಯಲ್ಲೂ ಅದು ಆಗುವುದಿಲ್ಲ ಸರ್. ನಾವಿಬ್ಬರೂ ಪಾಳಿಯ ಕೆಲಸದವರು. ಕಳೆದ ಕ್ರಿಸ್‌ಮಸ್‌ಗೆ ಸಂತ ಫಿಲೋಮಿನಾ ಚರ್ಚಿಗೆ ಹೋದಾಗ ನನ್ನ ಅಮ್ಮ ಮೊಮ್ಮಗನ ಕೈ ಹಿಡಿದುಕೊಂಡು ಏನೇನೋ ಹೇಳುತ್ತಿದ್ದರು, ಅವನು ಪ್ರತಿ ಮಾತಿಗೂ ನನ್ನ ಮುಖ ನೋಡುತ್ತಿದ್ದ. ಅಕ್ಕಾ, ಹೋಗುವ ಮನಸ್ಸು ಮಗನಿಗೆ ತಾನಾಗಿ ಬಂದಿದೆಯಲ್ಲ, ಅದನ್ನು ತಡೆಯಬೇಡಿ.

ಮಂಡಿ ಮೊಹಲ್ಲಾದವರು, ಈಗ ಡಲ್ಲಾಸ್:
ಎಲ್ಲರಿಗೂ ಧನ್ಯವಾದಗಳು. ಅವನಿಗೆ ಮಾತು ಅರ್ಥವಾಗುತ್ತದೆ, ಓದಲು ಬಾರದು. ಆದರೆ ಭಾನುವಾರ ಟಿಕೆಟ್‌ನ ಮುಂಗಡ ಕಟ್ಟಬೇಕಾಗಿದೆ. ಅದಕ್ಕೆ ಏನು ಮಾಡಲಿ?

ಗಂಜಾಂನವರು, ಈಗ ಲೆಸ್ಟರ್:
ದಿನಕ್ಕೆ ಅರ್ಧ ಗಂಟೆ ಕನ್ನಡ ಬೈಬಲ್ ಓದಿಸಿ, ವರ್ಷದೊಳಗೆ ಓದು ಹಿಡಿತಕ್ಕೆ ಬರುತ್ತದೆ.

ಸರಸ್ವತಿಪುರಂನವರು, ಈಗ ಟೊರೊಂಟೊ:
ಅಕ್ಕಾ, ಮುಂಗಡ ಕಟ್ಟಬೇಡಿ. ಅನುಮತಿಗೆ ಯಾರು ಅರ್ಜಿ ಹಾಕಿದ್ದಾರೆ, ಮಂಡ್ಯದ ಯಾವ ಸಭೆಯವರು (ಚರ್ಚಿನವರು) ಇವರನ್ನು ಬರಹೇಳಿದ್ದಾರೆ ಎಂದು ತಂಡದ ಮುಖಂಡರನ್ನು ಲಿಖಿತವಾಗಿ ಕೇಳಿ. ಮಾರ್ಚ್ ಎಂದರೆ ನಮ್ಮಲ್ಲಿ ಪರೀಕ್ಷೆಯ ಕಾಲ, ಮಕ್ಕಳು ಬಿಡುವಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಸಭೆಗಳು ರಜಾ ಬೈಬಲ್ ಶಾಲೆ ನಡೆಸುವುದೂ ಆಗಲೇ. ನಿಮ್ಮ ಬೇಸಿಗೆ ರಜೆ ಆರಂಭವಾಗುವ ಹೊತ್ತಿಗೆ ಅಲ್ಲಿ ಶಾಲೆ ಬಾಗಿಲು ತೆರೆದಿರುತ್ತದೆ. ಡಿಸೆಂಬರ್ ರಜೆಯಲ್ಲಿ ಅಜ್ಜಿಯ ಮನೆಗೆ ಕಳುಹಿಸಿದರೆ, ಮೈಸೂರಿನ ಸಭೆಯ ಯುವಕರೊಂದಿಗೆ ಬೆರೆತು ಕ್ರಿಸ್‌ಮಸ್ ಆಚರಿಸಿ ಬರಬಹುದು.